ಎಡಗೈಯಲ್ಲಿ ಎಲೆ, ಎಡಗೈಯಲ್ಲೇ ಫೋನು: ಒಂದು ಜಾವಳಿಯ ಪ್ರಕರಣ

ಹತ್ತು ನಿಮಿಷದ ಒಂದು ಜಾವಳಿ, ಅಂದರೆ ಭರತನಾಟ್ಯದಲ್ಲಿ ಅಭಿನಯಕ್ಕೆ ಹಾಡುವ ಒಂದು ಚಿಕ್ಕ ಹಾಡು. ಅದನ್ನು ನಾಲ್ಕು ಜನ ಹುಡುಗಿಯರು ಯುಗಾದಿಯಿಂದ ದಸರಾದೊಳಗೆ ಮೂರು ಸಲ ಬಿಚ್ಚಿ ಹೊಲಿದರು. ಈ ಬರಹ ಅದರ ಬಗ್ಗೆ.

ನಾನು ನರ್ತಕಿಯಲ್ಲ, ಅವರಿಗೆ ಹಾಡುವವಳು. ನಾಟ್ಯಕ್ಕೆ ಹಾಡಲು ಶುರು ಮಾಡಿ 15 ವರ್ಷ ಆಯಿತು. ಮೂಲೆಯಲ್ಲಿ ಕೂತು ಕುಣಿಯುವವರ ಪಾದವನ್ನೂ ನೋಡುವವರ ಮುಖವನ್ನೂ ಒಟ್ಟಿಗೆ ಕಾಣುವ ಭಾಗ್ಯ ನಮ್ಮದು. ಜನ ಎಲ್ಲಿ ಆಕಳಿಸಿದರು, ಎಲ್ಲಿ ಮುಂದಕ್ಕೆ ಬಾಗಿದರು ಅನ್ನುವುದು ನಮಗೆ ಗೊತ್ತಾದಷ್ಟು ನರ್ತಕಿಗೂ ಗೊತ್ತಾಗುವುದಿಲ್ಲ. ಹುಡುಗಿಯರು "ನಮ್ಮ ಹೆಸರು ಹಾಕಬೇಡಿ ಅಕ್ಕ" ಅಂದಿದ್ದಾರೆ. ಹಾಕುವುದಿಲ್ಲ.

ಮೂವರು ಮಂಡ್ಯ ಪೇಟೆಯವರು, ಒಬ್ಬಳು ಕೆ.ಆರ್. ಪೇಟೆ ಕಡೆಯವಳು. ಚಿಕ್ಕಂದಿನಿಂದ ಶನಿವಾರ, ಭಾನುವಾರ ಬಸ್ಸು ಹತ್ತಿ ಮೈಸೂರಿಗೆ ಬಂದು ಒಬ್ಬರೇ ಟೀಚರ್ ಹತ್ತಿರ ಕಲಿತವರು. ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿದಿದೆ. ದೊಡ್ಡವಳಿಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ, ಆದರೆ ಮನೆಯಿಂದಲೇ. ಉಳಿದವರು ಇನ್ನೂ ಓದುತ್ತಿದ್ದಾರೆ.

ಟೀಚರ್ ಮೈಸೂರು ಬಾನಿಯವರು, ಅಂದರೆ ಮೈಸೂರು ಶೈಲಿಯವರು. ಇದೇನು ಅಂತ ಎರಡು ಮಾತು ಹೇಳದಿದ್ದರೆ ಮುಂದಿನ ಜಗಳ ಅರ್ಥ ಆಗಲ್ಲ. ಇವತ್ತು ಭರತನಾಟ್ಯದಲ್ಲಿ ಅಲರಿಪ್ಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಅಂತ ಒಂದು ಕ್ರಮ ಇದೆಯಲ್ಲ, ಅದನ್ನು ಕಟ್ಟಿಕೊಟ್ಟವರು ತಂಜಾವೂರಿನ ನಾಲ್ಕು ಜನ ಅಣ್ಣತಮ್ಮಂದಿರು. ಅವರಲ್ಲಿ ದೊಡ್ಡವರಾದ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಮೈಸೂರು ಅರಮನೆಯಲ್ಲಿ ಈ ನಾಟ್ಯ ಬೆಳೆದ ರೀತಿಯೇ ಬೇರೆ. ಇಲ್ಲಿ ಅಭಿನಯದ ಕೈ ಮೇಲು. ಅರಮನೆಯ ನರ್ತಕಿ ಜಟ್ಟಿ ತಾಯಮ್ಮ (1857–1947) ಪೈಲ್ವಾನರ ಮನೆಯ ಮಗಳು, ಹೆಸರಿನ ಮುಂದಿನ ಜಟ್ಟಿ ಅಲ್ಲಿಂದ ಬಂದದ್ದು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ, ಲಂಬಾಣಿ ಕುಟುಂಬದಲ್ಲಿ 1906ರಲ್ಲಿ ಹುಟ್ಟಿದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಶುರುವಾದಾಗ ಅಲ್ಲಿ ಪಾಠ ಹೇಳಿದರು, 1992ರಲ್ಲಿ ಪದ್ಮಭೂಷಣ ಪಡೆದರು, 2002ರಲ್ಲಿ ತೀರಿಕೊಂಡರು. ಕೂತಲ್ಲೇ ಕೂತು, ಒಂದೇ ಸಾಲಿಗೆ ಹತ್ತು ಅರ್ಥ ಹುಟ್ಟಿಸುವುದು ಈ ಮನೆತನದ ವಿದ್ಯೆ. ಜಾವಳಿ ಅದಕ್ಕೆ ಹೇಳಿ ಮಾಡಿಸಿದ್ದು. ಜಾವಳಿ ಅಂದರೆ ಚಿಕ್ಕ ಹಾಡು, ತುಂಟ ಹಾಡು, ಪ್ರೀತಿ ಮುನಿಸಿನ ಹಾಡು.

ಹುಡುಗಿಯರ ತಕರಾರು ಸರಳವಾಗಿತ್ತು. ಅವರು ಮಾಡುವ ಅಭಿನಯ ಅವರ ವಯಸ್ಸಿನವರಿಗೆ ತಲುಪುತ್ತಿರಲಿಲ್ಲ. ಹಾಡು ತೆಲುಗು. ನಾಯಕಿ ಯಾರೋ, ಕಾಯುವುದು ಯಾವ ಸ್ವಾಮಿಗೋ. ಮನೆಯವರು ಬಿಟ್ಟರೆ ಕಾರ್ಯಕ್ರಮಕ್ಕೆ ಬರುವವರು ಬೇರೆ ಮಕ್ಕಳ ಮನೆಯವರು. ಅವರೂ ತಮ್ಮ ಮಗುವಿನ ಐಟಂ ಮುಗಿದ ಕೂಡಲೇ ಎದ್ದು ಹೋಗುತ್ತಾರೆ. ಇದು ಎಲ್ಲ ಕಡೆ ನಡೆಯುವುದೇ.

ದೊಡ್ಡವಳಿಗೆ ಹೊಳೆದದ್ದು ರೈಲಿನಲ್ಲಿ. ಆಫೀಸಿಗೆ ಮುಖ ತೋರಿಸಿ ಬರೋಣ ಅಂತ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುತ್ತಾಳೆ. ಮಂಡ್ಯ ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿಗೆ ನುಗ್ಗುವ ಜನರನ್ನು ನೋಡಿದವರಿಗೆ ಗೊತ್ತು. ದಿನಾ ಹೋಗಿ ಬರುವವರು ಕೆಲವರು, ವಾರಕ್ಕೊಮ್ಮೆ ಬರುವವರು ಕೆಲವರು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಬೆಂಗಳೂರು ಹತ್ತಿರ ಆಯಿತು ಅಂತಾರೆ. ದಾರಿ ಹತ್ತಿರ ಆಯಿತೇ ಹೊರತು ಗಂಡಂದಿರು ಆಗಲಿಲ್ಲ. "ಅಕ್ಕಾ, ಎಂಟು ಜನ ನಾಯಕಿಯರಲ್ಲಿ ಪ್ರೋಷಿತಭರ್ತೃಕೆ ಅಂತ ಒಬ್ಬಳು ಬರ್ತಾಳಲ್ಲ, ಗಂಡ ಪರ ಊರಿಗೆ ಹೋದವಳು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ವಿ. ನಮ್ಮ ಬೀದೀಲಿ ಅಂಥವರು ಆರು ಜನ ಇದ್ದಾರೆ" ಅಂದಳು ಫೋನಿನಲ್ಲಿ.

ಅವಳೇ ಎರಡು ಚರಣ ಬರೆದಳು. ಪಲ್ಲವಿ ಹೀಗಿತ್ತು: "ಏಳರ ಗಾಡಿಗೆ ಹೋದವನ ಕಾಣೆ, ಏಳು ದಿನವಾಯ್ತು ಕೇಳೇ ಸಖಿ." ಕಾಪಿ ರಾಗದಲ್ಲಿ ಕೂರಿಸಿದೆ. ಕಾಪಿಗೆ ಜಾವಳಿ ಅಂದರೆ ತವರುಮನೆ ಇದ್ದ ಹಾಗೆ, ತಾನಾಗಿಯೇ ಹೋಗಿ ಕೂತುಕೊಳ್ಳುತ್ತದೆ.

ಮೊದಲನೇ ಸಲ: ಸೊಳ್ಳೆ

ಮೈಸೂರಿನ ಒಂದು ಸಭಾಂಗಣ, ಬೇಸಿಗೆಯ ಸಂಜೆ. ಇವರ ಲೆಕ್ಕ ಹೀಗಿತ್ತು: ಹಳೇದಾದ್ದರಿಂದ ಜನಕ್ಕೆ ಬೇಜಾರಾಗ್ತಿದೆ, ಹೊಸದು ಮಾಡೋಣ. ಹಿಂದೆ ಎಲ್‌ಇಡಿ ಪರದೆಯ ಮೇಲೆ ಓಡುವ ರೈಲು. ನನ್ನ ಹಾಡನ್ನು ಮೊದಲೇ ರೆಕಾರ್ಡ್ ಮಾಡಿ, ಕೆಳಗೆ ಕೀಬೋರ್ಡು, ಡ್ರಮ್ಮು ಹಾಕಿ ಟ್ರ್ಯಾಕ್ ಮಾಡಿದ್ದರು. ಕಪ್ಪು ಪ್ಯಾಂಟು, ಮೇಲೆ ತುಂಡು ಸೀರೆ. ತಲೆಗೆ ಹೂವಿಲ್ಲ. ನಾಲ್ವರೂ ಒಟ್ಟಿಗೆ ಒಬ್ಬಳೇ ನಾಯಕಿಯಾಗಿದ್ದರು.

ಹಾಡು ಟ್ರ್ಯಾಕಿನಲ್ಲಿದ್ದ ಕಾರಣ ಆವತ್ತು ನನಗೆ ಕೆಲಸ ಇರಲಿಲ್ಲ. ಕೊನೆಯಿಂದ ಮೂರನೇ ಸಾಲಲ್ಲಿ ಕೂತು ನೋಡಿದೆ. ಜತಿ (ತಾಳದ ಸೊಲ್ಲಿಗೆ ಬರೀ ಹೆಜ್ಜೆ ಕುಣಿಯುವ ಭಾಗ) ಬಂದಾಗ ಚಪ್ಪಾಳೆ ಬಿತ್ತು, ಶಿಳ್ಳೆಯೂ ಬಿತ್ತು. ಹುಡುಗಿಯರ ಅಡವು, ಅಂದರೆ ಹೆಜ್ಜೆ, ಗಟ್ಟಿ; ಮಂಡಿ ಬಗ್ಗಿಸಿ ನಿಲ್ಲುವ ಅರೆಮಂಡಿ ಕದಲುವುದಿಲ್ಲ. ಅಭಿನಯ ಶುರುವಾದದ್ದೇ ತಡ, ನನ್ನ ಮುಂದಿನ ಸಾಲಿನಲ್ಲಿ ನಾಲ್ಕು ಮೊಬೈಲ್ ಬೆಳಕು ಹತ್ತಿಕೊಂಡವು. ಅವರನ್ನು ಬೈಯುವುದು ಸುಲಭ. ನಿಜ ಹೇಳಬೇಕೆಂದರೆ ಅಲ್ಲಿಂದ ನನಗೂ ಹುಡುಗಿಯರ ಕಣ್ಣು ಕಾಣುತ್ತಿರಲಿಲ್ಲ. ಹಿಂದೆ ಓಡುವ ರೈಲು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಅಷ್ಟು ದೊಡ್ಡ ರೈಲು ಓಡುತ್ತಿರುವಾಗ ಹುಬ್ಬು ಏರಿತೋ ಇಳಿಯಿತೋ ಯಾರಿಗೆ ಬೇಕು?

ಇನ್ನೊಂದು ತೊಂದರೆ ಹಾಡುವವರಿಗೆ ಮಾತ್ರ ತಿಳಿಯುವಂಥದ್ದು. ಅಭಿನಯದಲ್ಲಿ ಒಂದು ಸಾಲನ್ನು ಎಷ್ಟು ಸಲ ಹಾಡಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುವುದಿಲ್ಲ. ನರ್ತಕಿ ಸಂಚಾರಿಯಲ್ಲಿ, ಅಂದರೆ ಸಾಲಿನ ಅರ್ಥ ಬೆಳೆಸುತ್ತಾ ಹೋಗುವಾಗ, ಒಂದು ಕಥೆ ಹಿಡಿದರೆ ಅವಳು ಅದನ್ನು ಮುಗಿಸುವವರೆಗೆ ನಾವು ಅದೇ ಸಾಲನ್ನು ತಿರುಗಿಸಿ ತಿರುಗಿಸಿ ಹಾಡುತ್ತೇವೆ. ಅವಳ ಹೆಗಲು ಸಡಿಲವಾದದ್ದು ನೋಡಿ ಮುಂದಿನ ಸಾಲಿಗೆ ಹೋಗುತ್ತೇವೆ. ಟ್ರ್ಯಾಕಿನಲ್ಲಿ ನಾಲ್ಕು ಸಲ ಅಂದರೆ ನಾಲ್ಕೇ ಸಲ. ದೊಡ್ಡವಳು ಒಂದು ಕಡೆ ಬಾಗಿಲತ್ತ ನೋಡುತ್ತಾ ನಿಲ್ಲಬೇಕಿತ್ತು. ನಿಂತಳು, ಅಷ್ಟರಲ್ಲಿ ಹಾಡು ಮುಂದೆ ಓಡಿತು. ಅವಳು ಅದರ ಹಿಂದೆ ಓಡಿದಳು.

ಮುಗಿದ ಮೇಲೆ ಹೈಸ್ಕೂಲ್ ಹುಡುಗನೊಬ್ಬ ಬಂದು ಕೇಳಿದ: "ಅಕ್ಕಾ, ಮಧ್ಯದಲ್ಲಿ ಕೈ ಹಿಂಗಿಂಗೆ ಅಂದ್ರಲ್ಲ, ಸೊಳ್ಳೆ ಓಡಿಸ್ತಿದ್ರಾ?"

ಅದು ಭ್ರಮರ. ವಿರಹದಲ್ಲಿರುವ ನಾಯಕಿಗೆ ದುಂಬಿಯ ಝೇಂಕಾರವೂ ಹಿಂಸೆ ಅನ್ನುವುದು ಹಳೆಯ ಕಲ್ಪನೆ. ಅದಕ್ಕೆ ಭ್ರಮರ ಹಸ್ತ ಅಂತಲೇ ಒಂದು ಕೈಮುದ್ರೆ ಇದೆ. ಹುಡುಗಿಯರು ವಾಪಸ್ಸು ಬರುವ ಬಸ್ಸಿನಲ್ಲಿ ಮೊದಲು ಅತ್ತರು, ಆಮೇಲೆ ನಕ್ಕರು. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಒಬ್ಬಳು ಹೇಳಿದಳಂತೆ: "ಆ ಹುಡುಗ ಹೇಳಿದ್ದು ಸರಿ ಕಣ್ರೇ. ನಾಲೆ ಪಕ್ಕದ ಮನೇಲಿ ಸಂಜೆ ಹೊತ್ತು ಕಾಯೋಳಿಗೆ ದುಂಬಿ ಎಲ್ಲಿ ಬರುತ್ತೆ? ಸೊಳ್ಳೇನೇ ಬರೋದು."

ಸೊಳ್ಳೆ ಜಾವಳಿಯೊಳಕ್ಕೆ ಬಂತು. ಬಾಗಿಲ ಕಂಬಕ್ಕೆ ಒರಗಿ ನಿಂತವಳು ಮೊಣಕೈ ಹತ್ತಿರ ಪಟ್ ಅಂತ ಹೊಡೆದು, ಅಂಗೈ ನೋಡಿಕೊಂಡು, ಸೆರಗಿಗೆ ಒರೆಸಿ, ಮತ್ತೆ ದಾರಿ ನೋಡುತ್ತಾಳೆ. ಟೀಚರಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದರು. ಅದು ಕೋಪದ ಗುರುತು.

"ಶೃಂಗಾರದಲ್ಲಿ ಸೊಳ್ಳೆನಾ?"

"ಟೀಚರ್, ಅವಳು ಕಾಯ್ತಿರೋದು ಮಂಡ್ಯದಲ್ಲಿ."

"ಎಲ್ಲಾದ್ರೂ ಕಾಯಲಿ ಮಗು. ರಸ ಅಂತ ಒಂದಿದೆ. ಸೊಳ್ಳೆ ಹೊಡೆದ ಮೇಲೆ ರಸ ಎಲ್ಲಿ ಉಳಿಯುತ್ತೆ?"

ಟೀಚರ್ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ನಗು ಬಂದ ಕಡೆ ವಿರಹ ನಿಲ್ಲುವುದು ಕಷ್ಟ. ಎರಡನೇ ಸಲ ಆದದ್ದು ಅದೇ.

ಎರಡನೇ ಸಲ: ಗೆದ್ದ ಹಾಗೆ ಕಂಡದ್ದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಮಂಡ್ಯದ ಒಂದು ಡಿಗ್ರಿ ಕಾಲೇಜು, ಮಧ್ಯಾಹ್ನ. ಈ ಸಲ ಪರದೆ ಇಲ್ಲ, ಟ್ರ್ಯಾಕ್ ಇಲ್ಲ. ನಾನು, ಮೃದಂಗದವರು, ಶ್ರುತಿಪೆಟ್ಟಿಗೆ. ಶುರುವಿಗೆ ದೊಡ್ಡವಳು ಮೈಕ್ ಹಿಡಿದು ಅಷ್ಟನಾಯಿಕೆಯರ ಬಗ್ಗೆ ಮಾತಾಡಿದಳು. ಹತ್ತು ನಿಮಿಷದ ಹಾಡಿಗೆ ಹನ್ನೆರಡು ನಿಮಿಷದ ಪೀಠಿಕೆ. ಹಿಂದಿನ ಬೆಂಚಿನವರು ಹಾಜರಿ ಕೂಗಿದ ಹಾಗೆ "ಯೆಸ್ ಮೇಡಂ" ಅಂತ ಶುರು ಮಾಡಿದರು.

ಸೊಳ್ಳೆಗೆ ನಗು ಬಂತು. ಫೋನಿಗೆ ಕಾಲೇಜೇ ಎದ್ದು ನಿಂತಿತು. ಮೃಗಶೀರ್ಷ ಹಸ್ತದಲ್ಲಿ ಹೆಬ್ಬೆರಳು, ಕಿರುಬೆರಳು ಎರಡೂ ಚಾಚಿಕೊಂಡಿರುತ್ತವೆ. ಅದನ್ನು ಕಿವಿ ಹತ್ತಿರ ತಂದರೆ ಫೋನಿನ ರಿಸೀವರ್ ಹಿಡಿದ ಹಾಗೇ. ಕೆ.ಆರ್. ಪೇಟೆ ಹುಡುಗಿ ಅದನ್ನು ಹಿಡಿದು "ಹಲೋ, ಹಲೋ" ಅಂತ ತುಟಿ ಆಡಿಸಿದಳು. ಶಿಳ್ಳೆ, ಕೇಕೆ, ಒನ್ಸ್ ಮೋರ್. ಅದರ ರೀಲು ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಓಡಾಡಿತು.

ಹೊರಗೆ ಕಾಫಿ ಕುಡಿಯುವಾಗ ದೊಡ್ಡವಳ ಮುಖ ಸಪ್ಪೆ. "ಮಿಮಿಕ್ರಿ ಮಾಡಿಬಿಟ್ವಿ ಅಕ್ಕ" ಅಂದಳು. ಅವಳು ಹೇಳಿದ್ದರಲ್ಲಿ ಸತ್ಯ ಇತ್ತು. ಜನ ಗುರುತು ಹಿಡಿದದ್ದು ಫೋನನ್ನು, ಕಾಯುವವಳನ್ನಲ್ಲ. ಅಷ್ಟಕ್ಕೂ ಈಗ ಯಾರು ಹಾಗೆ ಫೋನ್ ಹಿಡಿಯುತ್ತಾರೆ? ಅದು ತಂತಿ ಫೋನಿನ ಕಾಲದ ಕೈ. ಹೊಸದು ಅಂತ ತಂದದ್ದೇ ಹಳೇದಾಗಿತ್ತು!

ಕೆ.ಆರ್. ಪೇಟೆ ಹುಡುಗಿ ಅಲ್ಲಿಂದಾಚೆ ಬರಲಿಲ್ಲ. ಜಗಳ ಏನಿಲ್ಲ. ಅವಳಿಗೆ ಸೀನಿಯರ್ ಆದಮೇಲಿನ ವಿದ್ವತ್ ಪರೀಕ್ಷೆ ಹತ್ತಿರ ಇತ್ತು, ಪೂರ್ತಿ ಮಾರ್ಗ, ಅಂದರೆ ಅಲರಿಪ್ಪಿನಿಂದ ತಿಲ್ಲಾನದವರೆಗಿನ ಕ್ರಮ, ಗಟ್ಟಿ ಮಾಡಬೇಕಿತ್ತು. "ನನಗೆ ಕುಣಿಯೋದು ಇಷ್ಟ ಅಕ್ಕ. ಇದರಲ್ಲಿ ಕುಣಿಯೋದೇ ಕಡಿಮೆ" ಅಂದಳು. ಅದೂ ನ್ಯಾಯವೇ. ಜನಕ್ಕೆ ಹತ್ತಿರ ಆಗಬೇಕು ಅನ್ನುವವರು ಮೊದಲು ಕೈಬಿಡುವುದು ನೃತ್ತವನ್ನೇ, ಅಂದರೆ ಅಭಿನಯ ಇಲ್ಲದ ಬರೀ ಕುಣಿತವನ್ನೇ. ಹತ್ತು ವರ್ಷ ಬೆವರು ಸುರಿಸಿ ಕಲಿತ ತೀರ್ಮಾನ, ಕೋರ್ವೆ ಅನ್ನುವ ಹೆಜ್ಜೆಗಳ ಜೋಡಣೆ ಎಲ್ಲ ಪೆಟ್ಟಿಗೆ ಸೇರುತ್ತವೆ.

ಮೂರನೇ ಸಲ: ಗೊಂಬೆ ಮನೆ

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ, ಹಳೇ ತೊಟ್ಟಿ ಮನೆ. ಮೂವರಲ್ಲಿ ಒಬ್ಬಳ ಅಜ್ಜಿಯ ಮನೆ ಅದು. ನವರಾತ್ರಿಗೆ ಗೊಂಬೆ ಕೂರಿಸಿದ್ದರು. ಪಟ್ಟದ ರಾಜ, ರಾಣಿ, ಚೆನ್ನಪಟ್ಟಣದ ಮರದ ಗೊಂಬೆ, ಕೆಳಗಡೆ ರಾಗಿ ಪೈರು ಬೆಳೆಸಿದ ತೋಟ. ಸಂಜೆ ಅರಿಶಿನ ಕುಂಕುಮಕ್ಕೆ ಅಂತ ಅಕ್ಕಪಕ್ಕದ ಹೆಂಗಸರು ಬರುತ್ತಾರೆ, ಗೊಂಬೆ ಬಾಗಿನಕ್ಕೆ ಮಕ್ಕಳು ಬರುತ್ತಾರೆ. "ಸುಮ್ನೆ ಒಂದು ಹಾಡಿಗೆ ಮಾಡ್ರೇ" ಅಂದರು ಅಜ್ಜಿ. ಇವರು ಪ್ರಯೋಗ ಅಂದುಕೊಂಡು ಹೋದದ್ದೇ ಅಲ್ಲ. ಗೆಜ್ಜೆ ಕೂಡ ತಂದಿರಲಿಲ್ಲ.

ಸುಮಾರು 40 ಜನ. ತೊಟ್ಟಿಯ ಸುತ್ತ ಜಗಲಿಯ ಮೇಲೆ, ಕಂಬಕ್ಕೆ ಒರಗಿ, ಮಕ್ಕಳನ್ನು ತೊಡೆ ಮೇಲೆ ಹಾಕಿಕೊಂಡು ಕೂತರು. ದೊಡ್ಡವಳು ಗೊಂಬೆ ಸಾಲಿನ ಪಕ್ಕ ಚಾಪೆ ಮೇಲೆ ಕೂತಳು. ಜಾಗ ಇದ್ದದ್ದೇ ಅಷ್ಟು. ನಿಂತರೆ ಹಿಂದಿನವರಿಗೆ ಗೊಂಬೆ ಕಾಣಲ್ಲ. ಮುಂದೆ ಕೂತವರಿಗೂ ಅವಳಿಗೂ ನಡುವೆ ಎರಡು ಮೊಳ. ನಾನು ಮೈಕ್ ಇಲ್ಲದೆ ಹಾಡಿದೆ.

ಪಲ್ಲವಿ ಆಯಿತು. ಸೊಳ್ಳೆ ಬಂತು. ಇಲ್ಲಿ ಯಾರೂ ನಗಲಿಲ್ಲ. ಒಬ್ಬರು ಕೂತಲ್ಲೇ ತಮ್ಮ ಕಾಲು ಕೆರೆದುಕೊಂಡರು.

ಚರಣದಲ್ಲಿ ನಾಯಕಿ ಅವನಿಗೆ ಅಂತ ವೀಳ್ಯದೆಲೆ ಮಡಿಸಿಡುವ ಸಾಲಿದೆ: "ಮಡಿಸಿಟ್ಟ ಎಲೆಯೆಲ್ಲ ಬಾಡಿತೇ." ತಾಂಬೂಲ ಮಡಿಸುವ ಅಭಿನಯ ಪದ, ಜಾವಳಿಗಳಲ್ಲಿ ಹಳೇದು. ಎಡಗೈ ಪತಾಕ, ಅಂದರೆ ಬೆರಳು ಜೋಡಿಸಿ ಚಾಚಿದ ಅಂಗೈ; ಅದೇ ಎಲೆ. ಬಲಗೈಯಲ್ಲಿ ತೊಟ್ಟು ಮುರಿದು, ಸುಣ್ಣ ತೆಗೆದು ಸವರಿ, ಅಡಿಕೆ ಇಟ್ಟು ಮಡಿಸುವುದು. ದೊಡ್ಡವಳು ಇದನ್ನು ಹತ್ತನೇ ವಯಸ್ಸಿನಿಂದ ಮಾಡುತ್ತಿದ್ದಾಳೆ. ಎಲೆಅಡಿಕೆ ಮಾತ್ರ ಜನ್ಮದಲ್ಲಿ ಹಾಕಿದವಳಲ್ಲ. ಕೈ ಸೊಗಸಾಗಿ ಅಲೆಯ ಹಾಗೆ ಹೋಗಿ ಸುಣ್ಣ ತೆಗೆದು ಬಂತು.

"ಸುಣ್ಣ ಜಾಸ್ತಿ ಆಯ್ತು ಕಣವ್ವ. ಬಾಯಿ ಸುಟ್ಟೋಯ್ತದೆ."

ಮುಂದಿನ ಸಾಲಿನ ಒಬ್ಬ ಅಜ್ಜಿ. ತಮಾಷೆಗೆ ಅಂದದ್ದಲ್ಲ, ಕಾಳಜಿಯಿಂದ ಅಂದದ್ದು. ದೊಡ್ಡವಳ ಕೈ ನಿಂತಿತು. ನಾನು ಹಾಡು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಅದೇ ಸಾಲನ್ನು ಇನ್ನೊಂದು ಸಲ ಎತ್ತಿಕೊಂಡೆ. ಅವಳು ನಾಯಕಿಯಾಗಿಯೇ ಅಜ್ಜಿ ಕಡೆ ತಿರುಗಿ, ಹುಬ್ಬಿನಲ್ಲೇ "ಮತ್ತೆ ಹೇಗೆ?" ಅಂತ ಕೇಳಿದಳು. ಸಖಿ ಸಿಕ್ಕಿಬಿಟ್ಟಳು ಅಂದುಕೊಂಡೆ.

ಅಜ್ಜಿ ಅರಿಶಿನ ಕುಂಕುಮದ ತಟ್ಟೆಯಿಂದ ಒಂದು ಎಲೆ ಎತ್ತಿಕೊಂಡರು. ಸೆರಗಿನಲ್ಲಿ ಎರಡೂ ಕಡೆ ಒರೆಸಿದರು. ಉಗುರಿನಲ್ಲಿ ತೊಟ್ಟು ಚಿವುಟಿ, ಎಲೆ ತಿರುಗಿಸಿ, ಬೆನ್ನಿನ ನಾರು ಎಳೆದರು. "ಸುಣ್ಣ ಹಚ್ಚೋದು ಬೆನ್ನಿಗೆ, ಮುಖಕ್ಕಲ್ಲ" ಅಂದರು. ಬೆರಳ ತುದಿಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಸುಣ್ಣ. ಮಡಿಸಿ ಕೊನೆಗೆ ತಮ್ಮ ಬಾಯಿಗೇ ಹಾಕಿಕೊಂಡರು. ಅಷ್ಟು ಹೊತ್ತೂ ನಾನು ಅದೇ ಸಾಲು ಹಾಡುತ್ತಿದ್ದೆ. ಹನ್ನೊಂದು ಸಲವೋ ಹನ್ನೆರಡು ಸಲವೋ, ಮೃದಂಗದವರು ಆಮೇಲೆ ಲೆಕ್ಕ ಹೇಳಿದರು. 40 ಜನರಲ್ಲಿ ಒಬ್ಬರೂ ಅಲ್ಲಾಡಲಿಲ್ಲ.

ದೊಡ್ಡವಳು ಮತ್ತೆ ಎಲೆ ಮಡಿಸಿದಳು. ಈ ಸಲ ಚಿಕ್ಕದಾಗಿ, ತೊಡೆಯ ಹತ್ತಿರ, ತಲೆ ತಗ್ಗಿಸಿ. ಎಡ ಅಂಗೈಯ ಮೇಲಿನ ಎಲೆಯನ್ನು ತಿರುಗಿಸಿ, ಬೆನ್ನಿಗೆ ಸುಣ್ಣ ಸವರಿ, ಮಡಿಸಿ ಪಕ್ಕಕ್ಕಿಟ್ಟಳು. ಎಡಗೈ ಮಾತ್ರ ಹಾಗೇ ಉಳಿಯಿತು, ಅಂಗೈ ಮೇಲಾಗಿ. ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಬಲಗೈ ಹೆಬ್ಬೆರಳು ಅಂಗೈ ಮೇಲೆ ನಿಧಾನವಾಗಿ ಸರಿಯಿತು. ಮೇಲಕ್ಕೆ, ಇನ್ನೂ ಮೇಲಕ್ಕೆ. ನಿಂತಿತು. ಎರಡು ಬೆರಳು ಚಾಚಿ ಒಂದರ ಪಕ್ಕ ಒಂದು ಇಟ್ಟು ಸಖಿಗೆ ತೋರಿಸಿದಳು. ವಾಟ್ಸಾಪಿನ ಎರಡು ನೀಲಿ ಗೆರೆ. ಅವನು ಓದಿದ್ದಾನೆ. ಉತ್ತರ ಕೊಟ್ಟಿಲ್ಲ.

ಜಗಲಿಯ ಮೇಲಿದ್ದ ಹುಡುಗಿಯೊಬ್ಬಳ ಬಾಯಲ್ಲಿ "ಅಯ್ಯೋ" ಅಂತ ಬಂತು. ದೊಡ್ಡವಳು ಅಂಗೈಯನ್ನು ಎಲೆ ತಿರುಗಿಸಿದ ಹಾಗೇ ತಿರುಗಿಸಿ ಚಾಪೆಯ ಮೇಲೆ ಬೋರಲು ಮಾಡಿಟ್ಟಳು. ಆ ಮನೆಯ ಸೊಸೆ ಎದ್ದು ಒಳಗೆ ಹೋದಳು. ಕಾಫಿಗೆ ಇಡಲಿಕ್ಕೋ ಏನೋ. ಯಾರೂ ಕೇಳಲಿಲ್ಲ.

ಕೆಲಸ ಮಾಡಿದ್ದೇನು?

ಇದಾದ ಮೇಲೆ ನಾವು ಎಷ್ಟೋ ಸಲ ಕೂತು ಮಾತಾಡಿದೆವು. ಮೂರೂ ಸಲ ಹಾಡು ಒಂದೇ, ರಾಗ ಒಂದೇ. ಬದಲಾದದ್ದು ದೂರ ಮತ್ತು ಹೊತ್ತು. ಕಣ್ಣು ಕಾಣುವಷ್ಟು ಹತ್ತಿರ, ಒಂದು ಸಾಲು ಹನ್ನೆರಡು ಸಲ ತಿರುಗುವಷ್ಟು ಬಿಡುವು. ಹಳೇದು ಅಂತ ಜನ ದೂರ ಹೋಗಿದ್ದಾರೆ ಅಂದುಕೊಂಡಿದ್ದೆವು. ನಾವೇ ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಕಣ್ಣಿನ ಆಟ ತೋರಿಸುತ್ತಿದ್ದೆವು.

ಈ ನಾಟ್ಯ ದೊಡ್ಡ ವೇದಿಕೆಗೆ ಬಂದದ್ದು ತೀರಾ ಹಿಂದೇನಲ್ಲ. ಭರತನಾಟ್ಯ ಅನ್ನುವ ಹೆಸರು ನೆಲೆಯಾದದ್ದು, ಮದರಾಸಿನಲ್ಲಿ ರುಕ್ಮಿಣಿ ದೇವಿಯವರು 1936ರಲ್ಲಿ ಕಲಾಕ್ಷೇತ್ರ ಕಟ್ಟಿದ್ದು, ಟಿಕೆಟ್ಟು ಕೊಂಡ ಸಭೆಯ ಮುಂದೆ ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ಕುಣಿದದ್ದು ಎಲ್ಲ ಹೆಚ್ಚುಕಡಿಮೆ ಅದೇ ಕಾಲ. ಅದಕ್ಕೂ ಮುಂಚೆ ಮೈಸೂರು ಸರ್ಕಾರ 1909ರಲ್ಲೇ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತ್ತು. ಹತ್ತಿರ ಕೂತವರ ಮುಂದೆ, ಕೂತು ಅಭಿನಯ ಮಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮರೆಯಾದರು. ವಿದ್ಯೆ ಉಳಿಯಿತು, ಆದರೆ ಅದಕ್ಕೆ ತಕ್ಕ ಕೋಣೆ ಉಳಿಯಲಿಲ್ಲ. ಹಾಗಾಗಿ ನಮ್ಮ ಹುಡುಗಿಯರು "ಹೊಸ ಪ್ರಯೋಗ" ಅಂದಾಗೆಲ್ಲ ನನಗೆ ಸ್ವಲ್ಪ ಇರುಸುಮುರುಸು. ಈಗ ಅವರು ಹನ್ನೆರಡು ನಿಮಿಷದ ಪೀಠಿಕೆ ಬಿಟ್ಟಿದ್ದಾರೆ. ತಾಯಮ್ಮ, ವೆಂಕಟಲಕ್ಷಮ್ಮ ಇಬ್ಬರ ಹೆಸರು ಹೇಳಿ ಕೂತುಬಿಡುತ್ತಾರೆ.

ಇದರಿಂದ ಹೊಟ್ಟೆ ತುಂಬುತ್ತದಾ ಅಂದರೆ, ಇಲ್ಲ. ಗೊಂಬೆ ಮನೆಯಲ್ಲಿ ಸಿಕ್ಕಿದ್ದು ತೆಂಗಿನಕಾಯಿ, ಬ್ಲೌಸ್ ಪೀಸು, ಒಂದು ಡಬ್ಬಿ ಕೊಬ್ಬರಿ ಮಿಠಾಯಿ. ಮೃದಂಗದವರಿಗೆ ಬಸ್ ಚಾರ್ಜು ದೊಡ್ಡವಳೇ ಕೊಟ್ಟಳು. 40 ಜನರ ಕಾರ್ಯಕ್ರಮಕ್ಕೆ ಯಾರು ದುಡ್ಡು ಹಾಕುತ್ತಾರೆ? ಆಯೋಜಕರು ಕೇಳುವುದು ಒಂದೂವರೆ ಗಂಟೆ, ಎಂಟು ಜನ, ಕೊನೆಗೆ ಜೋರಾಗಿ ಒಂದು ತಿಲ್ಲಾನ. ರೀಲಿಗೂ ಇದು ಒಗ್ಗುವುದಿಲ್ಲ. ಗೊಂಬೆ ಮನೆಯಲ್ಲಿ ಯಾರೋ ತೆಗೆದ ವಿಡಿಯೋ ನೋಡಿದೆ. ಅದರಲ್ಲಿ ಒಬ್ಬಳು ಹುಡುಗಿ ಅಂಗೈ ನೋಡಿಕೊಂಡು ಕೂತಿದ್ದಾಳೆ, ಅಷ್ಟೇ. ಕೆ.ಆರ್. ಪೇಟೆ ಹುಡುಗಿಯ "ಹಲೋ ಹಲೋ" ಈಗಲೂ ಓಡುತ್ತಿದೆ.

ಟೀಚರಿಗೆ ವಿಷಯ ಹೇಳಿದ್ದು ನಾನೇ. ವಿಜಯದಶಮಿ ಕಳೆದ ಭಾನುವಾರ, ಕ್ಲಾಸಿನಲ್ಲಿ ಚಿಕ್ಕ ಮಕ್ಕಳು ಮೊದಲ ಪಾಠದ ತಟ್ಟಡವು ಹೊಡೆಯುತ್ತಿದ್ದರು. ದೊಡ್ಡವಳು ಕೂತು ಮಾಡಿ ತೋರಿಸಿದಳು. ಸೊಳ್ಳೆ ಬಂದಾಗ ಟೀಚರ್ ಕನ್ನಡಕದ ಕಡೆ ಕೈ ಹಾಕಿದರು, ತೆಗೆಯಲಿಲ್ಲ. ಎಲೆ ಬಂದಾಗ ತಾಳ ಹಾಕುವ ತಟ್ಟುಮಣೆ ಪಕ್ಕಕ್ಕಿಟ್ಟರು. ಪೂರ್ತಿ ಮುಗಿದ ಮೇಲೂ ಏನೂ ಅನ್ನದೆ ತಮ್ಮ ಎಡಗೈ ಮುಂದೆ ಚಾಚಿ, ಬಲಗೈಯ ತೋರುಬೆರಳು ಒಂದು ಸಲ, ಉಂಗುರ ಬೆರಳು ಒಂದು ಸಲ ಸವರಿ ನೋಡಿಕೊಂಡರು.

"ಸ್ಟೇಜಿಗೆ ಅಂತ ದೊಡ್ಡದು ಮಾಡಿದ್ದು ನಾವೇ ಕಣೇ" ಅಂದರು. ಆಮೇಲೆ ಕೇಳಿದರು: "ಆ ಅಜ್ಜಿ ಸುಣ್ಣ ಯಾವ ಬೆರಳಲ್ಲಿ ಹಚ್ಚಿದ್ರು?"

ದೊಡ್ಡವಳು ನನ್ನ ಮುಖ ನೋಡಿದಳು. ನಾನು ಹಾಡುತ್ತಿದ್ದೆ, ಬೆರಳು ನೋಡಿರಲಿಲ್ಲ. ಮುಂದಿನ ವಾರ ಪಾಂಡವಪುರಕ್ಕೆ ಹೋಗುವುದು ಅಂತ ಆಗಿದೆ. ಟೀಚರೂ ಬರುತ್ತಾರಂತೆ.